ಮೊಸರಿನ ಮೇಲೆ ಕಾವಲು

ನನಗೆ ಸಂಶಯ ಬಂದದ್ದು ತಂದೆಯಿಂದ. ಬಾಗಲಕೋಟೆಯ ಸಾಲೆಯಲ್ಲಿ ಮಾಸ್ತರರಾಗಿದ್ದ ಅವರು ಪರೀಕ್ಷೆಯ ದಿನ ಹುಡುಗರ ಟೊಪ್ಪಿಗೆಯಲ್ಲಿ, ಅಂಗಿಯ ತೋಳಿನಲ್ಲಿ, ಕೊನೆಗೆ ಬುತ್ತಿಯ ರೊಟ್ಟಿಯ ಮಡಿಕೆಯಲ್ಲೂ ಚೀಟಿ ಹುಡುಕುತ್ತಿದ್ದರು. ಅಣ್ಣಂದಿರಿಗೆ ಅವರ ಮೂಗು ಬಂತು, ನನಗೆ ಅವರ ಸಂಶಯ ಬಂತು. ಮೂಗಾದರೆ ಮುಖದ ಮೇಲೆ ಒಂದೇ ಕಡೆ ಕೂತಿರುತ್ತದೆ. ಸಂಶಯ ಮೈತುಂಬ ಓಡಾಡುತ್ತದೆ.

ನರ್ಸಿಂಗ್ ಕಲಿತು ಬಾದಾಮಿಯ ಒಂದು ಸಣ್ಣ ಹೆಣ್ಣುಮಕ್ಕಳ ದವಾಖಾನೆಗೆ ಸೇರಿದಾಗ ನಾನು ಮಾಡಿದ ಮೊದಲ ಸೇವೆಯೇ ಪತ್ತೇದಾರಿ. ನಮ್ಮ ಜಿಲ್ಲೆ ಆಗಿನ್ನೂ ಮುಂಬಯಿ ರಾಜ್ಯದಲ್ಲಿತ್ತು. ದವಾಖಾನೆಯಲ್ಲಿ ಸ್ಪಿರಿಟ್ ಬಾಟಲಿ ದಿನದಿನಕ್ಕೆ ಇಳಿಯುತ್ತಿತ್ತು. ಕಂಪೌಂಡರ ಕುಡಿಯುತ್ತಾನೆ ಎಂದು ನಾನು ತೀರ್ಮಾನಿಸಿದೆ. ಕಳ್ಳನ ತುಟಿ ನೀಲಿಯಾಗಲಿ ಎಂದು ಯಾರಿಗೂ ಹೇಳದೆ ಅದರಲ್ಲಿ ಅರ್ಧ ದೌತಿ ಶಾಯಿ ಸುರಿದೆ. ಮರುದಿನ ನೀಲಿಯಾದದ್ದು ನಮ್ಮ ಡಾಕ್ಟರಬಾಯಿಯ ಎರಡೂ ಕೈ, ಜೊತೆಗೆ ಅವರಿಂದ ಸೂಜಿ ಚುಚ್ಚಿಸಿಕೊಂಡ ಮಾಮಲೇದಾರರ ಹೆಂಡತಿಯ ತೋಳು. ಬಾಟಲಿಯ ಬಿರಡೆ ಸಡಿಲಾಗಿ ಸ್ಪಿರಿಟ್ ತಾನಾಗಿ ಆರುತ್ತಿತ್ತು, ಅಷ್ಟೆ. ಅಂದಿನಿಂದ ಡಾಕ್ಟರಬಾಯಿ ನನ್ನನ್ನು ಪತ್ತೇದಾರಬಾಯಿ ಎಂದು ಕರೆಯತೊಡಗಿದರು. ಕಂಪೌಂಡರ ಮಾತ್ರ ನನ್ನನ್ನು ಏನೆಂದೂ ಕರೆಯಲಿಲ್ಲ, ಬಹಳ ದಿನ.

ಇಂಥ ಘನತೆ ಗಳಿಸಿಕೊಂಡಿದ್ದ ಹೊತ್ತಿನಲ್ಲಿ, ಚಳಿಗಾಲದ ಒಂದು ಮುಂಜಾನೆ, ಇಳಕಲ್ಲಿನಿಂದ ಮೂವರು ಬಂದರು. ಮುಂದೆ ಅತ್ತೆ, ಐವತ್ತು ದಾಟಿದವಳು, ಗಟ್ಟಿ ಕಟ್ಟಿನವಳು. ಹಿಂದೆ ಸೊಸೆ, ಹೆಚ್ಚುಕಡಿಮೆ ನನ್ನದೇ ವಯಸ್ಸು, ಇಪ್ಪತ್ತೆರಡೋ ಮೂರೋ. ಅವಳ ಹಿಂದೆ ಮಗ, ಹೆಗಲ ಮೇಲೆ ಒಂದು ಟ್ರಂಕು. ನೇಕಾರರ ಮನೆಯವರು ಎಂದು ಸೀರೆಯ ದಡಿ ನೋಡಿದರೇ ಗೊತ್ತಾಗುತ್ತಿತ್ತು. ಹೆಂಗಸರಿಬ್ಬರ ಕೂದಲು ಒದ್ದೆಯಾಗಿತ್ತು. ಮಹಾಕೂಟದ ಹೊಂಡದಲ್ಲಿ ಮಿಂದು ದೇವರಿಗೆ ಕೈ ಮುಗಿದು ಹಾಗೇ ಇತ್ತ ಬಂದೆವು ಎಂದಳು ಅತ್ತೆ.

ನನಗೆ ಆಗಲೇ ಸಂಶಯ ಶುರುವಾಯಿತು. ಇಳಕಲ್ಲಿನಲ್ಲಿ ದವಾಖಾನೆ ಇಲ್ಲವೇ? ಹುನಗುಂದದಲ್ಲಿ ಇಲ್ಲವೇ? ಅವೆರಡನ್ನೂ ಬಿಟ್ಟು ಇಷ್ಟು ದೂರ ಬರುವವರು ಗುರುತಿನವರ ಕಣ್ಣು ತಪ್ಪಿಸಿ ಬಂದವರೇ ಇರಬೇಕು. ಮತ್ತೆ ಹೊಂಡದಲ್ಲಿ ಮೂರು ಮುಳುಗು ಹಾಕುವುದಕ್ಕೆ ಟ್ರಂಕು ಯಾಕೆ? ನೆರಳಿಗೆ ಇಡುತ್ತೇನೆ ಎಂಬ ನೆಪದಲ್ಲಿ ಎತ್ತಿ ನೋಡಿದೆ. ನನ್ನ ಸೊಂಟ ಕಳಚಿ ಕೈಗೆ ಬಂದಂತಾಯಿತು. ಮುಚ್ಚಳದ ಮೇಲೆ ಜೋಡಿ ಗಿಳಿ ಬರೆದ, ಮದುವೆಯಲ್ಲಿ ತವರಿನಿಂದ ಕೊಡುವಂಥ ಟ್ರಂಕು. ಆ ಭಾರ ನೋಡಿದರೆ ಒಬ್ಬ ಹೆಣ್ಣುಮಗಳ ಸೀರೆ, ಪಾತ್ರೆ, ಚಾದರ ಎಲ್ಲ ಒಳಗಿರಬೇಕು. ಅವಳು ತಿರುಗಿ ಬರುವುದಿಲ್ಲ ಎಂದು ತಿಳಿದೇ ಯಾರೋ ತುಂಬಿದ್ದರು.

ಅತ್ತೆ ಬೆಂಚಿನ ಮೇಲೆ ಕೂಡಲಿಲ್ಲ. ನಿಂತೇ ಮಾತಾಡಿದಳು. ಸೊಸೆಗೆ ಕೆಳಗೆ ಉರಿ, ತುರಿಕೆ, ಬಿಳಿ ಹೋಗುತ್ತದೆ. ಒಂದು ಹಂಗಾಮು ಆಯಿತು, ನಿಂತಿಲ್ಲ. ಮಗ ಸೀರೆ ಮಾರಲು ಸೊಲ್ಲಾಪುರದ ತನಕ ಹೋಗಿಬರುತ್ತಾನೆ, ಆಗ ಇವಳು ಮನೆಯಲ್ಲಿ ಒಬ್ಬಳೇ ಎಂದಳು. ತಾನೂ ಅದೇ ಮನೆಯಲ್ಲಿ ಇರುತ್ತೇನೆ ಎಂಬುದನ್ನು ಮರೆತಂತೆ ಹೇಳಿದಳು. ಸೊಸೆ ಗೋಡೆಯ ಮೇಲಿನ ಹಲ್ಲಿ ನೋಡುತ್ತಿದ್ದಳು.

"ಕೆಟ್ಟ ಬ್ಯಾನಿ ಅಂತ ನೀವು ಒಂದ ಮಾತು ಹೇಳ್ರಿ ಬಾಯಾರ," ಎಂದಳು ಅತ್ತೆ. "ಸಂಜಿ ಬಸ್ಸಿಗಿ ಹೋಗೋ ದಾರ್ಯಾಗ ಗುಡೂರಾಗ ಇಳಿಸಿ ಹೋಗತೇವಿ. ಆಕಿ ತವರಮನಿ ಅಲ್ಲೇ ಐತಿ."

ಟ್ರಂಕಿನ ಒಗಟು ಬಿಚ್ಚಿಕೊಂಡಿತು. ನನ್ನ ಜೀವಮಾನದಲ್ಲಿ ಸರಿಯಾಗಿ ಬಂದ ಮೊದಲ ಸಂಶಯ ಅದು, ಆದರೆ ಹಿಗ್ಗಲು ಮನಸ್ಸು ಬರಲಿಲ್ಲ.

ಡಾಕ್ಟರಬಾಯಿ ಸೊಸೆಯನ್ನು ಪರದೆಯ ಹಿಂದಿನ ಮೇಜಿನ ಮೇಲೆ ಮಲಗಿಸಲು ಹೇಳಿದರು. ಅತ್ತೆ ತಾನೂ ಒಳಗೆ ಬರುವವಳೇ ಎಂದು ಹಟ ಹಿಡಿದಳು. ಬಾಗಿಲು ಮುಚ್ಚಿಕೊಂಡು ಒಳಗೆ ಏನಾದರೂ ಒಪ್ಪಂದವಾದರೆ ಎಂಬ ಚಿಂತೆ ಅವಳಿಗೆ. ಬಾಯಿಯವರು ಸೊಸೆಯನ್ನೇ ಕೇಳಿದರು, ಸೊಸೆ ಬರಲಿ ಬಿಡಿ ಎಂದು ತಲೆ ಆಡಿಸಿದಳು. ಒಳಗೆ ತೆರೆದು ನೋಡಲು ಬಾತುಕೋಳಿಯ ಕೊಕ್ಕಿನಂಥ ಒಂದು ಉಕ್ಕಿನ ಸಾಮಾನು ಇರುತ್ತದೆ. ಚಳಿಗಾಲದಲ್ಲಿ ಅದನ್ನು ಬಿಸಿನೀರಿನಲ್ಲಿ ಅದ್ದಿ ಬೆಚ್ಚಗೆ ಮಾಡಿ ಕೊಡುವುದು ನನ್ನ ಕೆಲಸ. ಆ ದಿನ ನಾನು ಅತ್ತೆಯ ಮೇಲೆ ಕಣ್ಣಿಟ್ಟುಕೊಂಡು ನಿಂತು ಅದನ್ನು ಕುದಿಯುವ ನೀರಿನಲ್ಲೇ ಮರೆತುಬಿಟ್ಟೆ. ತೆಗೆದು ಬಾಯಿಯವರ ಕೈಗೆ ಕೊಟ್ಟೆ. ಅವರು ಅದನ್ನು ಎಸೆದ ರಭಸಕ್ಕೆ ಅದು ಗೋಡೆಗೆ ಬಡಿದು ಅತ್ತೆಯ ಕಾಲಬುಡಕ್ಕೆ ಬಂದು ಬಿತ್ತು. ಇವರು ಸೊಸೆಯ ಬದಲು ತನ್ನನ್ನೇ ಮುಗಿಸಲು ನೋಡುತ್ತಿದ್ದಾರೆ ಎಂದು ಅವಳಿಗೆ ಅನಿಸಿರಬೇಕು. ಅಲ್ಲಿಂದ ಮುಂದೆ ಅವಳು ನನ್ನ ಕೈಗಳನ್ನಲ್ಲದೆ ಬೇರೆ ಏನನ್ನೂ ನೋಡಲಿಲ್ಲ.

ಉಕ್ಕು ಆರಿದ ಮೇಲೆ ಪರೀಕ್ಷೆ ನಡೆಯಿತು. ದೀಪ ಹಿಡಿದ ನನಗೂ ಕಂಡಿತು. ಹೊರಗಿನ ತುಟಿಗಳು ಬಾತು ಕೆಂಪಾಗಿದ್ದವು. ಉಗುರಿನ ಗೀರುಗಳಿದ್ದವು, ಮಡಿಕೆಗಳಲ್ಲಿ ಕೂದಲೆಳೆಯಂಥ ಬಿರುಕುಗಳಿದ್ದವು. ಹತ್ತಿ ಮುಟ್ಟಿಸಿದರೂ ಹುಡುಗಿ ಹಲ್ಲು ಕಚ್ಚುತ್ತಿದ್ದಳು. ಆದರೆ ಒಳಗೆ ನೋಡಿದರೆ ತೊಳೆದಿಟ್ಟ ಪಾತ್ರೆ. ಬಿಳಿಯೂ ಇಲ್ಲ, ಹಳದಿಯೂ ಇಲ್ಲ, ಬರೀ ಕೆಂಪು.

ಬಾಯಿಯವರು ತಲೆ ಎತ್ತಿ, ಬರುವ ಮೊದಲು ಏನಾದರೂ ಹಚ್ಚಿದಿರಾ ಎಂದು ಕೇಳಿದರು. ಅತ್ತೆ ಹೆಮ್ಮೆಯಿಂದ ಎಲ್ಲ ಹೇಳಿದಳು. ದೊಡ್ಡವರ ಮುಂದೆ ಹೊಲಸು ಮೈಯಲ್ಲಿ ಹೇಗೆ ಬರುವುದು? ಅದಕ್ಕೆ ಎರಡು ದಿನದಿಂದ ಸೊಸೆಯನ್ನು ಸೋಡಾ ನೀರಿನಲ್ಲಿ ಒಳಹೊರಗೆ ತೊಳೆಸಿದ್ದಳು. ಹಸಿ ರೇಷ್ಮೆಯ ಅಂಟು ಬಿಡಿಸಲು ಅವರ ಮನೆಯಲ್ಲಿ ಬಳಸುವ ಸೋಡಾ ಅದು. ಮೇಲೆ ಪಟಕದ ಕಲ್ಲು ಕರಗಿಸಿದ ಒಗರು ನೀರು. ಕೊನೆಗೆ ಮಹಾಕೂಟದ ಹೊಂಡ.

"ನೋಡಬೇಕಾದದ್ದನ್ನೇ ತೊಳಕೊಂಡು ಬಂದೀರಲ್ಲ ಅವ್ವಾರ," ಎಂದರು ಡಾಕ್ಟರಬಾಯಿ. "ಈ ಕೆಂಪು ಬ್ಯಾನಿದೋ, ನಿಮ್ಮ ಸೋಡಾದ್ದೋ, ನಾ ಹೆಂಗ ಹೇಳಲಿ?"

ಅತ್ತೆ ಮಣಿಯುವವಳಲ್ಲ. ಬಟ್ಟೆಗೆ ಬಿಳಿ ಹತ್ತಿದ್ದನ್ನು ತಾನು ಕಣ್ಣಾರೆ ಕಂಡಿದ್ದೇನೆ, ಈಗ ನೋಡಿದರೆ ಕೆಂಪು, ದಿನಕ್ಕೊಂದು ಬಣ್ಣ ತೋರಿಸುವುದು ಕೆಟ್ಟ ಬೇನೆಯೇ ಎಂದು ವಾದಿಸಿದಳು. ಸಂಜೆಯ ಬಸ್ಸಿಗೆ ಹೊರಡುತ್ತೇವೆ ಎಂದಳು. ಬಾಯಿಯವರು ದನಿ ಏರಿಸಲಿಲ್ಲ. ದವಾಖಾನೆಯ ಹಿಂದಿನ ಪಡಸಾಲೆಯಲ್ಲಿ ನಾಡಿದ್ದಿನ ತನಕ ಇರಿ, ಸೋಡಾ ಇಲ್ಲ, ಪಟಕ ಇಲ್ಲ, ಬರೀ ತಣ್ಣೀರು ಹೊರಗೆ ಮಾತ್ರ, ಆಮೇಲೆ ಇನ್ನೊಮ್ಮೆ ನೋಡಿ ಹೇಳುತ್ತೇನೆ ಎಂದರು. ಏನನ್ನು ನೋಡುತ್ತೀರಿ ಎಂದು ಅತ್ತೆ ಕೇಳಿದಾಗ ಬಾಯಿಯವರು ನಿಜ ಹೇಳಿದರು. ಒಳಗೋಡೆಗೆ ಗಟ್ಟಿ ಮೊಸರಿನ ಹಾಗೆ ಬೆಳ್ಳಗಿನ ಚೂರು ಅಂಟಿಕೊಂಡಿರುತ್ತದೋ ಇಲ್ಲವೋ ನೋಡಬೇಕು, ಇದ್ದರೆ ಅದು ಬೂಷ್ಟಿನ ಬಾಧೆ, ಕೆಟ್ಟ ಬೇನೆ ಅಲ್ಲ ಎಂದರು. ಆ 'ಮೊಸರು' ಎಂಬ ಮಾತು ಅತ್ತೆಯ ಕಿವಿಯಲ್ಲಿ ಹೆಪ್ಪುಗಟ್ಟಿ ಕೂತಿತು.

ಈ ನಡುವೆ ನಾನು ಹೊರಗೆ ನಿಜವಾದ ಅಪರಾಧಿಯನ್ನು ಹಿಡಿಯಲು ಹೋಗಿದ್ದೆ. ಬೇವಿನ ಗಿಡದ ಕೆಳಗೆ ಟ್ರಂಕಿನ ಪಕ್ಕ ಗಂಡ ಕುಕ್ಕರುಗಾಲಲ್ಲಿ ಕೂತಿದ್ದ. ಸೊಲ್ಲಾಪುರದಲ್ಲಿ ಎಲ್ಲಿ ಇಳಿದುಕೊಳ್ಳುತ್ತೀರಿ, ರಾತ್ರಿ ಏನು ಮಾಡುತ್ತೀರಿ ಎಂದು ಕೇಳಿದೆ. ಛತ್ರದಲ್ಲಿ ಮಲಗುತ್ತೇನೆ ಎಂದ. ಹೇಳುತ್ತ ಹೇಳುತ್ತ ಸೊಂಟದ ಹತ್ತಿರ ಕೈ ಹಾಕಿ ಕೆರೆದುಕೊಂಡ. ನಾನು ಅಲ್ಲೇ ತೀರ್ಪು ಕೊಟ್ಟುಬಿಟ್ಟೆ. ಓಡಿ ಬಂದು ಬಾಯಿಯವರ ಕಿವಿಯಲ್ಲಿ, ಬೇನೆ ತಂದವನು ಸಿಕ್ಕ ಎಂದೆ. ಅವರು ಕಂಪೌಂಡರನಿಂದ ಅವನನ್ನು ಒಳಕೋಣೆಯಲ್ಲಿ ಪೂರ್ತಿ ನೋಡಿಸಿದರು. ಎಲ್ಲೂ ಒಂದು ಹುಣ್ಣಿಲ್ಲ, ಗಂಟಿಲ್ಲ. ಸೊಂಟದ ಮೇಲೆ ಪಂಚೆ ಬಿಗಿದ ಕಡೆ, ನೆಲದ ಕುಣಿಯಲ್ಲಿ ಕಾಲು ಇಳಿಬಿಟ್ಟು ನೇಯುವ ಮಗ್ಗದಲ್ಲಿ ಹಗಲೆಲ್ಲ ಬೆವತು ಕೂತು ಬಂದ, ಬಳೆಯಷ್ಟಗಲ ದುಂಡಗಿನ ಗಜಕರ್ಣ ಇತ್ತು. ಕಂಪೌಂಡರ ಹೊರಗೆ ಬಂದು ಆ ಸುದ್ದಿ ಹೇಳುವಾಗ ನನ್ನ ಕಡೆ ನೋಡಿ ನಕ್ಕ. ಸ್ಪಿರಿಟ್ ಬಾಟಲಿಯ ನಂತರ ಅವನು ನನ್ನ ಕಡೆ ನೋಡಿದ್ದು ಅದೇ ಮೊದಲು.

ಅವರು ಉಳಿದರು. ನನ್ನ ಪಾಡು ಅಲ್ಲಿಂದ ಶುರುವಾಯಿತು.

ನಾನು ಬಾಡಿಗೆಗೆ ಇದ್ದ ಮನೆಯ ಅಜ್ಜಿ ದಿನಾ ಮಧ್ಯಾಹ್ನ ನನಗೆ ಅನ್ನದ ಜೊತೆ ಒಂದು ಗಡಿಗೆ ಮೊಸರು ಕಳಿಸುತ್ತಿದ್ದಳು. ಆ ಮಧ್ಯಾಹ್ನವೂ ಬಂತು. ಅತ್ತೆ ಗಡಿಗೆ ನೋಡಿದಳು, ನನ್ನನ್ನು ನೋಡಿದಳು, ಸೊಸೆಯನ್ನು ನೋಡಿದಳು. ಒಬ್ಬಳಿಗೆ ಇಷ್ಟು ಮೊಸರು ಯಾಕೆ ಬೇಕು ಎಂದು ಕೇಳಿದಳು. ನನಗೆ ಮೊಸರೆಂದರೆ ಪ್ರಾಣ ಎಂದೆ. ಅವಳು ಗಡಿಗೆ ತೆಗೆದುಕೊಂಡು ನಿಂತಲ್ಲೇ ಗಟಗಟ ಕುಡಿದು, ತಳಕ್ಕೆ ಬೆರಳು ಹಾಕಿ ಒರೆಸಿ, ಬೋರಲು ಹಾಕಿ ಇಟ್ಟಳು. ಇಳಕಲ್ಲಿನವರ ರೀತಿ ಹೀಗಿರಬಹುದು ಎಂದು ಸುಮ್ಮನಾದೆ. ಮರುದಿನವೂ ಅದೇ. ಬರೀ ಅನ್ನ ನುಂಗುತ್ತ ಕೂತಾಗ ಬೆಳಕು ಹರಿಯಿತು. ಸೊಸೆಯ ಮೇಲೆ ಮರುಕಪಟ್ಟು ನಾನು ಅವಳಿಗೆ ಮೊಸರು ಬಳಿದು ಡಾಕ್ಟರರ ಮುಂದೆ ಮಲಗಿಸುತ್ತೇನೆ ಎಂದು ಅತ್ತೆ ನಂಬಿದ್ದಳು. ಅದಕ್ಕಾಗಿ ಮೊಸರಿನ ಮೇಲೆ ಕಾವಲು. ಸತ್ಯ ಹೇಳಬೇಕೆಂದರೆ ಆ ಉಪಾಯ ನನಗೆ ಹೊಳೆದಿರಲೇ ಇಲ್ಲ, ಹೊಳೆಯಲಿಲ್ಲವಲ್ಲ ಎಂದು ಸ್ವಲ್ಪ ಅವಮಾನವೂ ಆಯಿತು.

ಅವಳು ಮೊಸರು ಕಾಯುತ್ತಿದ್ದರೆ ನಾನು ಸೋಡಾ ಕಾಯುತ್ತಿದ್ದೆ. ಅವಳ ಸೊಂಟದ ಸಂಚಿಯಲ್ಲಿ ಸೋಡಾದ ಪುಡಿಕೆ ಇರುವುದನ್ನು ಕಂಡಿದ್ದೆ. ಕಣ್ಣು ತಪ್ಪಿಸಿ ಸೊಸೆಯನ್ನು ಇನ್ನೊಮ್ಮೆ ತೊಳೆಸಿಬಿಟ್ಟರೆ ಬಾಯಿಯವರಿಗೆ ಕಾಣುವುದು ಮತ್ತೆ ಬರೀ ಕೆಂಪು, ಟ್ರಂಕು ಸೀದಾ ಗುಡೂರಿಗೆ. ಹೀಗೆ ನಾವಿಬ್ಬರೂ ಒಬ್ಬರನ್ನೊಬ್ಬರು ಕಣ್ಣಲ್ಲೇ ಹಿಡಿದುಕೊಂಡು ಒಂದೇ ಪಡಸಾಲೆಯಲ್ಲಿ ಕೂತೆವು; ರಾತ್ರಿಯೂ ನಾನು ಮನೆಗೆ ಹೋಗದೆ ಅಲ್ಲೇ ಮಲಗಿದೆ. ಬಾವಿಯ ಹತ್ತಿರ ಒಮ್ಮೆ ಸೊಸೆ ಸಿಕ್ಕಾಗ, ನಿಮ್ಮತ್ತೆ ನನ್ನ ಮೊಸರನ್ನೆಲ್ಲ ಯಾಕೆ ಕುಡಿಯುತ್ತಿದ್ದಾಳೆ ಗೊತ್ತೇನು ಎಂದು ನಡೆದದ್ದನ್ನು ಹೇಳಿದೆ. ಅವಳು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಬಂದಾಗಿನಿಂದ ಅವಳ ಹಲ್ಲು ಕಂಡದ್ದು ಆಗಲೇ. ನಗು ನಿಂತ ಮೇಲೆ ಹಗ್ಗದ ಮೇಲೆ ಕೈಯಿಟ್ಟು ನಿಂತಳು.

"ನಾ ಗುಡೂರಾಗ ಇಳದೆ ಅಂದ್ರ ಊರಿಗಿ ಊರ ಕೇಳತೈತಿ, ಯಾಕ ಬಂದ್ಲು ಅಂತ," ಎಂದಳು. "ನನ್ನ ತಂಗೀನ ನೋಡಾಕ ಬರೋವ್ರು ಹೊಸಲ ದಾಟೂದಿಲ್ಲಕ್ಕ."

ನಾನು ಅವಳ ಕೊಡ ಎತ್ತಿಕೊಟ್ಟೆ.

ಕಾವಲು ಕಾಯುವಾಗ ಅತ್ತೆಯ ನಡವಳಿಕೆಯಲ್ಲಿ ಇನ್ನೂ ಹಲವು ಸಂಗತಿ ಕಂಡವು. ಅವಳು ಎಲ್ಲೂ ಸರಿಯಾಗಿ ಕೂಡುತ್ತಿರಲಿಲ್ಲ, ಒಂದೇ ಮಗ್ಗುಲಿನ ಮೇಲೆ ಊರಿ ಕೂತು ಮತ್ತೆ ಏಳುತ್ತಿದ್ದಳು. ಹರಿವಿಯ ನೀರನ್ನು ತಂಬಿಗೆ ತಂಬಿಗೆ ಕುಡಿಯುತ್ತಿದ್ದಳು. ಗಳಿಗೆಗೊಮ್ಮೆ ಹಿತ್ತಲಿನ ಕಳ್ಳಿಬೇಲಿಯ ಹಿಂದೆ ಹೋಗುತ್ತಿದ್ದಳು. ಮೂರನೆಯ ದಿನದ ನಸುಕಿನಲ್ಲಿ, ಸೊಸೆ ಇನ್ನೂ ಕೌದಿಯೊಳಗೆ ಇರುವಾಗ, ಅವಳು ತಂಬಿಗೆಯ ಜೊತೆ ಆ ಪುಡಿಕೆಯನ್ನೂ ತೆಗೆದುಕೊಂಡು ಹೊರಟಳು. ನಾನು ಬೆಕ್ಕಿನ ಹೆಜ್ಜೆಯಲ್ಲಿ ಹಿಂಬಾಲಿಸಿದೆ. ಬೆಕ್ಕಾದರೆ ದಾರಿಯಲ್ಲಿದ್ದ ತಗಡಿನ ಬುಟ್ಟಿಯನ್ನು ಒದೆಯುತ್ತಿರಲಿಲ್ಲ. ಒದ್ದ ಸದ್ದಿಗೆ ಹೆದರಿ ನಾನೇ ಕಳ್ಳಿಬೇಲಿಯೊಳಗೆ ಕೂತೆ. ಮುಳ್ಳುಗಳ ವಿಷಯ ಬಿಡಿ, ಮುಂದೆ ವಾರಗಟ್ಟಲೆ ನಾನೂ ಒಂದೇ ಮಗ್ಗುಲಿನ ಮೇಲೆ ಕೂತೆ. ಬೇಲಿಯ ಆಚೆ ಅತ್ತೆ ನೀರು ಸುರಿದುಕೊಂಡು ಹಾವಿನಂತೆ ಸುಯ್ ಎಂದು ಉಸಿರೆಳೆಯುತ್ತ ಏನೋ ಗೊಣಗುವುದು ಕೇಳಿತು. ಅವಳು ಹೋದ ಮೇಲೆ ಆ ಜಾಗ ನೋಡಿದೆ. ಅವಳು ದಿನವೂ ನೀರಿಗೆ ಕೂರುತ್ತಿದ್ದ ಕಲ್ಲಿನ ಬುಡಕ್ಕೆ ಕೆಂಪಿರುವೆ ಸಾಲುಗಟ್ಟಿ ಮುತ್ತಿದ್ದವು.

ಮಾಟ. ಬೇರೆ ಇನ್ನೇನು? ಡಾಕ್ಟರಬಾಯಿ ಚಹಾ ಕಲಕುತ್ತಿದ್ದಾಗ ಹೋಗಿ ಎಲ್ಲ ಒಪ್ಪಿಸಿದೆ. ಮಂತ್ರ ಹೇಳುತ್ತಾಳೆ, ನಸುಕಿನಲ್ಲಿ ಪುಡಿ ಚೆಲ್ಲುತ್ತಾಳೆ, ಇರುವೆಗಳನ್ನು ಕರೆಯುತ್ತಾಳೆ, ಸೊಸೆಯ ಮೇಲೆ ಬಿಡುವ ವಿಚಾರ ಇರಬೇಕು ಎಂದೆ. ಬಾಯಿಯವರ ಚಮಚ ನಿಂತಿತು.

"ಇರವಿ ಎಲ್ಲಿ ಮುತ್ತಿದ್ದುವು?"

ತೋರಿಸಿದೆ. ಎಷ್ಟು ನೀರು ಕುಡಿಯುತ್ತಾಳೆ ಎಂದು ಕೇಳಿದರು. ಹರಿವಿ ಖಾಲಿ ಎಂದೆ.

"ಪತ್ತೇದಾರಬಾಯಿ, ಈ ಮಾತು ನೀ ಯಾರ ಮುಂದನೂ ಆಡಬ್ಯಾಡ," ಎಂದರು. "ಆಕಿ ಮುಂದ ಅಂತೂ ಮೊದಲ ಬ್ಯಾಡ."

ಅಂದೇ ಸೊಸೆಯ ಎರಡನೆಯ ಪರೀಕ್ಷೆ. ಈ ಸಲ ಉಕ್ಕನ್ನು ನಾನು ನನ್ನ ಮಣಿಕಟ್ಟಿನ ಮೇಲೆ ಇಟ್ಟು ನೋಡಿ ಕೊಟ್ಟೆ. ತೆರೆದ ಕೂಡಲೇ ಕಂಡಿತು. ಒಳಗೋಡೆಯ ಮೇಲೆ ಅಲ್ಲಲ್ಲಿ ದಪ್ಪ ಬಿಳಿ ಚೂರುಗಳು, ನೀರು ಬಸಿದ ಗಟ್ಟಿ ಮೊಸರಿನಂತೆ. ನನಗೆ ಕುಣಿಯಬೇಕೆನಿಸಿತು, ಮುಳ್ಳು ಚುಚ್ಚಿದ್ದರಿಂದ ಕುಣಿಯಲಿಲ್ಲ. ಬಾಯಿಯವರು ಹುಡುಗಿಯನ್ನು ಕೇಳಿ, ಅತ್ತೆಯನ್ನು ಹತ್ತಿರ ಕರೆದು ತೋರಿಸಿದರು. ಅತ್ತೆ ಬಗ್ಗಿ ನೋಡಿದಳು, ಎದ್ದು ನಿಂತು ನನ್ನ ಕಡೆ ತಿರುಗಿದಳು.

"ಇದು ಆಕಿ ಗಡಿಗಿ ಮೊಸರಲ್ಲಂತ ನಾ ಹೆಂಗ ನಂಬಲಿ?"

"ಗಡಿಗಿ ಖಾಲಿ ಮಾಡಿದಾಕಿ ನೀನ ಅಲ್ಲೇನಬೇ ಅತ್ತಿ," ಎಂದಿತು ಮೇಜಿನ ಮೇಲಿಂದ ಒಂದು ಸಣ್ಣ ದನಿ. ಸೊಸೆ ಅತ್ತೆಗೆ ಎದುರು ಮಾತಾಡಿದ್ದು ಬಹುಶಃ ಅದೇ ಮೊದಲು. ಮಲಗಿದವರಿಗೆ ಒಂದು ಧೈರ್ಯ ಬರುತ್ತದೋ ಏನೋ.

ಡಾಕ್ಟರಬಾಯಿ ನಗಲಿಲ್ಲ. ತಮ್ಮ ಊಟದ ಡಬ್ಬಿಯಿಂದ ಒಂದು ಚಮಚ ಮೊಸರು ತರಿಸಿ ಅತ್ತೆಯ ಮುಂಗೈಗೆ ಸವರಿದರು. ಹತ್ತಿಯಿಂದ ಒಮ್ಮೆ ಒರೆಸಿದರು. ಚರ್ಮ ಮೊದಲಿನಂತೆ ಸ್ವಚ್ಛವಾಯಿತು. ಆಮೇಲೆ ಬೇರೆ ಹತ್ತಿಯಿಂದ ಒಳಗಿನ ಒಂದು ಚೂರನ್ನು ಮೆಲ್ಲಗೆ ಒರೆಸಿದರು. ಜಾರಲಿಲ್ಲ. ಬಿಡಿಸಿದಾಗ ಅದರ ಅಡಿಯಲ್ಲಿ ಹಸಿ ಕೆಂಪು ಮಾಂಸ, ಸೂಜಿಮೊನೆಯಷ್ಟು ರಕ್ತ. ಮೇಲೆ ಇಟ್ಟ ಮೊಸರಾದರೆ ಹೀಗೆ ಅಂಟುವುದಿಲ್ಲ, ಇದು ಅಲ್ಲೇ ಬೆಳೆದದ್ದು ಎಂದರು. ಹತ್ತಿಯನ್ನು ಅತ್ತೆಯ ಮೂಗಿನ ಹತ್ತಿರ ಹಿಡಿದರು. ಕೆಟ್ಟ ವಾಸನೆ ಇರಲಿಲ್ಲ. ತೊಡೆಯ ಸಂದಿನಲ್ಲಿ ದೊಡ್ಡ ಕೆಂಪಿನ ಅಂಚು ಮುಗಿದ ಮೇಲೂ ಆಚೆ ಸಣ್ಣ ಸಣ್ಣ ಕೆಂಪು ಚುಕ್ಕೆಗಳಿದ್ದವು, ಸೀರೆಯ ದಡಿಗೆ ಬಣ್ಣ ಹಾಕುವಾಗ ಹೊರಗೆ ಸಿಡಿದ ಹನಿಗಳಂತೆ. ಅದೂ ಈ ಬೂಷ್ಟಿನದೇ ಗುರುತು ಎಂದರು. ಗರ್ಭಕೋಶದ ಬಾಯಿ ಗುಲಾಬಿ ಬಣ್ಣ, ನುಣುಪು, ಕೀವಿಲ್ಲ. ಎಲ್ಲೂ ಹುಣ್ಣಿಲ್ಲ. ತೊಡೆಸಂದಿನಲ್ಲಿ ಗಂಟಿಲ್ಲ. ಹೊಟ್ಟೆ ಒತ್ತಿದರೆ ನೋವಿಲ್ಲ. ಇರುವುದನ್ನೂ ಇಲ್ಲದ್ದನ್ನೂ ಒಂದೊಂದಾಗಿ ಬೆರಳಿಟ್ಟು ತೋರಿಸಿದರು.

ಮಲೇರಿಯಾದ ರಕ್ತ ನೋಡಲು ದವಾಖಾನೆಗೆ ಕೊಟ್ಟಿದ್ದ ಒಂದು ಸೂಕ್ಷ್ಮದರ್ಶಕ ಇತ್ತು. ಆ ಚೂರನ್ನು ಗಾಜಿನ ಮೇಲಿಟ್ಟು ಒಂದು ಹನಿ ಕ್ಷಾರದ ದ್ರವ ಹಾಕಿ ಅತ್ತೆಗೆ ನೋಡಲು ಹೇಳಿದರು. ಅವಳು ಎರಡೂ ಕಣ್ಣು ಮುಚ್ಚಿ ನೋಡಿದಳು, ಆಮೇಲೆ ಎರಡೂ ತೆರೆದು ನೋಡಿದಳು, ಕೊನೆಗೆ ಒಂದು ತೆರೆದಳು. ಬಹಳ ಹೊತ್ತು ತಲೆ ಎತ್ತಲಿಲ್ಲ.

"ಎಳಿ ಕಾಣತಾವು," ಎಂದಳು. "ನಡುನಡುವ ಗಂಟು ಬಿದ್ದ ಎಳಿ. ಕೆಟ್ಟ ನೂಲು."

ಇದನ್ನು ಯಾರೂ ಯಾರಿಂದಲೂ ತಂದದ್ದಲ್ಲ, ಎಷ್ಟೋ ಹೆಂಗಸರ ಮೈಯಲ್ಲಿ ಸುಮ್ಮನೆ ಇರುತ್ತದೆ, ಹದ ಸಿಕ್ಕಾಗ ಬೆಳೆಯುತ್ತದೆ, ಸೋಡಾ ಹಾಕಿದರೆ ಚರ್ಮ ಸುಲಿದು ಇನ್ನೂ ಹೆಚ್ಚಾಗುತ್ತದೆ ಎಂದು ಬಾಯಿಯವರು ತಿಳಿಸಿ ಹೇಳಿದರು. ಸೊಸೆ ಸೀರೆ ಸರಿ ಮಾಡಿಕೊಂಡು ಹೊರಗೆ ಪಡಸಾಲೆಗೆ ಹೋದಳು. ಅತ್ತೆ ಹೋಗಲಿಲ್ಲ. ಪರದೆಯ ಅಂಚನ್ನು ಹಿಡಿದು ಬೆರಳಲ್ಲಿ ಎಳೆ ಎಣಿಸುತ್ತ ನಿಂತಳು. ನಮ್ಮ ಓಣಿಯಲ್ಲಿ ವಯಸ್ಸಾದವಳೊಬ್ಬಳು ಇದ್ದಾಳೆ, ಮುಟ್ಟು ನಿಂತು ಎಷ್ಟೋ ದಿನ ಆಯಿತು, ಅಂಥವಳಿಗೂ ಇದು ಬರುತ್ತದೆಯೇ ಎಂದು ಕೇಳಿದಳು. ಬರುತ್ತದೆ, ಅವಳಿಗೆ ಬಾಯಾರಿಕೆ ಬಹಳವೇ ಎಂದು ಬಾಯಿಯವರು ಕೇಳಿದರು. ಬಹಳ. ಎದ್ದೆದ್ದು ಹೋಗಬೇಕಾಗುತ್ತದೆಯೇ? ಆಗುತ್ತದೆ. ಕೂಡಲು ಆಗುವುದಿಲ್ಲವೇ? ಅತ್ತೆ ಕೈಯಲ್ಲಿದ್ದ ಪರದೆಯನ್ನು ತನ್ನ ಹಿಂದೆ ಪೂರ್ತಿ ಎಳೆದುಕೊಂಡಳು.

ಬಾಯಿಯವರು ನನಗೆ ಹೊರಗೆ ಹೋಗಲು ಸನ್ನೆ ಮಾಡಿದರು.

"ಇರಲಿ ಬಿಡ್ರಿ," ಎಂದಳು ಅತ್ತೆ. "ಹೊರಗ ನಿಂತ್ರೂ ಅದರ ಕಿವಿ ಇಲ್ಲೇ ಇರತೈತಿ. ಕಳ್ಳ್ಯಾಗ ಬಿದ್ದದ್ದೂ ಕೇಳೇನಿ ನಾ."

ದೀಪ ಹಿಡಿದ ನನ್ನ ಮುಖ ಆಗ ದೀಪಕ್ಕಿಂತ ಕೆಂಪಾಗಿದ್ದಿರಬೇಕು. ಅವಳನ್ನು ಅದೇ ಮೇಜಿನ ಮೇಲೆ ಮಲಗಿಸಿ ನೋಡಿದಾಗ ಮಾತ್ರ ಸಂಶಯವೆಲ್ಲ ಕಾಲಿಗಿಳಿದು ಹೋಯಿತು. ಅದೇ ಕೆಂಪು, ಅದೇ ಬಿಳಿ ಚೂರು, ಅದೇ ಸಿಡಿದ ಚುಕ್ಕೆ, ಆದರೆ ಎಲ್ಲ ಇಮ್ಮಡಿ. ಕೆರೆದು ಕೆರೆದು, ಸೋಡಾದಲ್ಲಿ ಸುಟ್ಟು ಸುಟ್ಟು ಚರ್ಮ ತೊಗಲಿನಂತೆ ದಪ್ಪವಾಗಿತ್ತು. ಮೂತ್ರವನ್ನು ಒಂದು ನೀಲಿ ದ್ರವದಲ್ಲಿ ಹಾಕಿ ದೀಪದ ಮೇಲೆ ಕಾಯಿಸಿದೆ. ನೀಲಿ ಹಸಿರಾಯಿತು, ಹಳದಿಯಾಯಿತು, ಇಟ್ಟಿಗೆ ಬಣ್ಣಕ್ಕೆ ಬಂದು ನಿಂತಿತು. ಸಕ್ಕರೆ ಬೇನೆ. ಅದೇ ಈ ಬೂಷ್ಟಿಗೆ ಅನ್ನ ಹಾಕಿ ಸಾಕುತ್ತಿತ್ತು. ಹಿತ್ತಲಿನ ಇರುವೆಗಳಿಗೆ ನಮಗಿಂತ ಮೊದಲೇ ಗೊತ್ತಾಗಿತ್ತು.

ಅತ್ತೆ ಮೇಜಿನ ಅಂಚಿನಲ್ಲಿ ಒಂದೇ ಮಗ್ಗುಲಿಗೆ ಕೂತು ಹೇಳಿದಳು. ತಾನು ಹೊಸ ಸೊಸೆಯಾಗಿ ಬಂದಾಗಲೂ ಒಮ್ಮೆ ಹೀಗೆ ಆಗಿತ್ತು. ಅವಳ ಅತ್ತೆ ಯಾರನ್ನೂ ಕೇಳಲಿಲ್ಲ, ಯಾವ ದವಾಖಾನೆಗೂ ಒಯ್ಯಲಿಲ್ಲ, ತವರಿಗೆ ಕಳಿಸಿದಳು. ಅಲ್ಲಿ ಯಾರೋ ಸೋಡಾ ನೀರು ಹೇಳಿಕೊಟ್ಟರು. ಹೇಗೋ ನಿಂತಿತು, ಹೇಗೋ ಕರೆಸಿಕೊಂಡರು. ಈಗ ಒಂದೆರಡು ವರ್ಷದಿಂದ ಮತ್ತೆ ಬಂದು ಬಿಡುತ್ತಲೇ ಇಲ್ಲ. ಸೊಸೆಗೂ ಅದೇ ಕಂಡಾಗ, ಇವಳೇ ಎಲ್ಲಿಂದಲೋ ತಂದು, ಒಂದೇ ಕಲ್ಲಿನ ಮೇಲೆ ಬಟ್ಟೆ ಒಗೆದು ತನಗೂ ಹತ್ತಿಸಿದಳು ಎಂದು ತೀರ್ಮಾನಿಸಿದ್ದಳು.

"ಎರಡ ಮಳಿಗಾಲ ತವರಾಗ ಕುಂತೇನ್ರಿ ಬಾಯಾರ," ಎಂದಳು. "ನಮ್ಮವ್ವ ಬಾಗಲಾ ತೆರದಿಡೂದ ಬಿಟ್ಟಿದ್ಲು."

ಈಗ ಟ್ರಂಕಿನ ಮಾತು ಎತ್ತಲು ಇದೇ ಸಮಯ ಎಂದು ನನಗೆ ಅನಿಸಿತು. ಸೊಸೆಯನ್ನು ಇಳಿಸಿ ಹೋದರೆ ನಿನ್ನ ಗುಟ್ಟನ್ನೂ ಇಡೀ ಇಳಕಲ್ಲಿಗೆ ಹೇಳುತ್ತೇನೆ ಎಂಬ ಒಂದು ಸೊಗಸಾದ ವಾಕ್ಯ ನಾಲಗೆಯ ತುದಿಗೆ ಬಂದಿತ್ತು. ಡಾಕ್ಟರಬಾಯಿ ಅದನ್ನು ನನ್ನ ಮುಖದಲ್ಲೇ ಓದಿದರು. ಅವರು ನೋಡಿದ ನೋಟಕ್ಕೆ ವಾಕ್ಯ ಹಾಗೇ ಹೊಟ್ಟೆಗೆ ಇಳಿಯಿತು. ಇಲ್ಲಿ ಕಂಡದ್ದು ಇಲ್ಲೇ ಇರುತ್ತದೆ, ಮಗನಿಗೂ ಹೇಳುವುದಿಲ್ಲ ಎಂದು ಅವರು ಅತ್ತೆಗೆ ಮಾತು ಕೊಟ್ಟರು. ಬೆಲ್ಲ, ಹೋಳಿಗೆ ಬಿಡಬೇಕು, ಸೂಜಿಗಾಗಿ ಬಾಗಲಕೋಟೆಯ ದೊಡ್ಡ ದವಾಖಾನೆಗೆ ತಪ್ಪದೆ ಹೋಗಬೇಕು ಎಂದರು. ಟ್ರಂಕಿನ ಬಗ್ಗೆ ಒಂದು ಮಾತೂ ಆಡಲಿಲ್ಲ. ನನಗೆ ಅದೇ ದೊಡ್ಡ ತಪ್ಪೆನಿಸಿತು.

ಇಬ್ಬರಿಗೂ ಔಷಧ ಒಂದೇ, ನೇರಳೆ ಬಣ್ಣದ್ದು. ಹತ್ತಿಯಲ್ಲಿ ಅದ್ದಿ ಒಳಗೆ ಹಚ್ಚಬೇಕು. ಸೊಸೆಯನ್ನೂ ಒಳಗೆ ಕರೆಸಿ ಮೊದಲ ಸಲ ಬಾಯಿಯವರು ಹಚ್ಚಿದರು, ಬಾಟಲಿ ಹಿಡಿದವಳು ನಾನು. ಆದದ್ದು ಇಷ್ಟು: ಔಷಧದ ಮುಕ್ಕಾಲು ಭಾಗ ರೋಗಿಗಳಿಗೆ ಸೇರಿತು, ಉಳಿದದ್ದು ನನ್ನ ಕೈ, ನನ್ನ ಏಪ್ರನ್, ನನ್ನ ಗಲ್ಲ ಮತ್ತು ಪರದೆಗೆ. ಇದು ಬಟ್ಟೆಗೆ ಹತ್ತಿದರೆ ಬಿಡುವುದಿಲ್ಲ, ಹಳೆಯ ಸೀರೆ ಉಡಬೇಕು ಎಂದು ಹೇಳಿದೆ. ನೆರೆಯವರು ಕೇಳಿದರೆ ಏನು ಹೇಳುವುದು ಎಂದು ಸೊಸೆ ಗಾಬರಿಯಾದಳು.

"ಇಲಕಲ್ಲಾಗ ಬಣ್ಣದ ಕಲಿ ನೋಡಿ ಯಾರ ಏನ ಕೇಳತಾರ?" ಎಂದಳು ಅತ್ತೆ. "ಓಣಿ ತುಂಬ ಬಣ್ಣದ ನೂಲ ಒಣಗತೈತಿ."

ನಾನು ಆ ಮಾತನ್ನು ತಿರುಗಿಸಿ ಮುರುಗಿಸಿ ನೋಡಿದೆ. ಇಳಕಲ್ಲು ಎಂದಳು, ಗುಡೂರು ಎನ್ನಲಿಲ್ಲ. ಆದರೆ ತನ್ನ ಸೀರೆಯ ಕಲೆಯ ಬಗ್ಗೆ ಮಾತ್ರ ಹೇಳಿರಲೂಬಹುದು. ಸಂಶಯ ಒಮ್ಮೆ ಹಿಡಿದರೆ ಅದೂ ನೇರಳೆ ಔಷಧದಂತೆಯೇ.

ಸಂಜೆ ಬಸ್ಸಿಗೆ ಕಳಿಸುವ ನೆಪದಲ್ಲಿ ನಾನೂ ಹೋದೆ. ಮಗ ಟ್ರಂಕನ್ನು ಬಸ್ಸಿನ ತಲೆಯ ಮೇಲೆ ಏರಿಸಿದ. ಒಳಗಿನ ಸುದ್ದಿ ಅವನಿಗೆ ಇನ್ನೂ ಯಾರೂ ಹೇಳಿರಲಿಲ್ಲ. ಹೆಂಡತಿಯ ಮುಖ ನೋಡಲು ಧೈರ್ಯವಿಲ್ಲದೆ ಅವಳ ಕೈಯಲ್ಲಿ ಒಂದು ಪೊಟ್ಟಣ ಪುಟಾಣಿ ಇಟ್ಟ. ಕಂಡಕ್ಟರ ಬಂದಾಗ, ಮನೆಯಿಂದ ಹೊರಡುವಾಗ ತಾಯಿ ಹೇಳಿಕೊಟ್ಟಂತೆಯೇ ತಲೆ ತಗ್ಗಿಸಿ ಹೇಳಿದ.

"ಗುಡೂರಿಗಿ ಒಂದು, ಇಲಕಲ್ಲಿಗಿ ಎರಡು."

ಸೊಸೆ ಪುಟಾಣಿಯ ಪೊಟ್ಟಣವನ್ನು ಬಿಗಿಯಾಗಿ ಹಿಡಿದಳು. ಕಂಡಕ್ಟರ ಟಿಕೆಟ್ ಹರಿಯಲು ಕೈ ಎತ್ತಿದ.

"ತಡಿ," ಎಂದಳು ಅತ್ತೆ ಹಿಂದಿನಿಂದ. "ಏ ಹುಚ್ಚಾ, ಮೂರೂ ಇಲಕಲ್ಲಿಗಿ ತೊಗೊ."

ಮಗ ಟಿಕೆಟ್ ನೋಡಿದ, ತಾಯಿಯನ್ನು ನೋಡಿದ, ಏನೂ ಅರ್ಥವಾಗದೆ ನನ್ನ ನೇರಳೆ ಗಲ್ಲವನ್ನು ನೋಡಿದ. ಕಿಟಕಿಯ ಪಕ್ಕದ ಸೀಟಿಗೆ ಸೊಸೆಯನ್ನು ತಳ್ಳಿ ಅತ್ತೆ ತಾನು ಈಚೆ ಕೂತಳು, ಮೆಲ್ಲಗೆ, ಒಂದು ಮಗ್ಗುಲಿಗೆ. ಬಸ್ಸು ತಿರುವು ದಾಟುವ ತನಕ ನಾನು ನಿಂತಿದ್ದೆ. ಟಿಕೆಟ್ ಇಳಕಲ್ಲಿನ ತನಕ ಇದ್ದರೂ ನಡುವೆ ಗುಡೂರಿನಲ್ಲಿ ಇಳಿಸಲು ಬರುವುದಿಲ್ಲವೇ ಎಂಬ ಯೋಚನೆ ಆಮೇಲೆ ಬಂತು. ನಿದ್ದೆ ಕೆಟ್ಟಿತು.

ಮುಂದಿನ ಅಮಾವಾಸ್ಯೆಯ ಹೊತ್ತಿಗೆ ಅತ್ತೆ ಸೊಸೆ ಇಬ್ಬರೇ ಬಂದರು. ನಾನು ಮೊದಲು ಅವರ ಹಿಂದೆ ನೋಡಿದೆ. ಟ್ರಂಕು ಇರಲಿಲ್ಲ. ಬಾಯಿಯವರು ಇಬ್ಬರನ್ನೂ ನೋಡಿದರು. ಸೊಸೆಯ ಬಿಳಿ ಚೂರು ಹೋಗಿತ್ತು, ಕೆಂಪು ಆರಿತ್ತು, ಬಿರುಕು ಮುಚ್ಚಿತ್ತು. ಅತ್ತೆಯದು ಅರ್ಧ ದಾರಿಯಲ್ಲಿತ್ತು. ಬೆಲ್ಲ ಬಿಟ್ಟಿದ್ದೀರಾ ಎಂದರೆ ಬಿಟ್ಟಿದ್ದೇನೆ ಎಂದಳು, ಇಲ್ಲ ಎಂದು ಸೊಸೆ ಹಿಂದಿನಿಂದ ತಲೆ ಆಡಿಸಿದಳು. ಈಗ ಕಾವಲು ಯಾರ ಮೇಲೆ ಯಾರದ್ದು ಎಂದು ತಿಳಿಯಿತು. ಹೊರಡುವಾಗ ಸೊಸೆ ಚೀಲದಿಂದ ಬಾಯಿ ಕಟ್ಟಿದ ಒಂದು ಗಡಿಗೆ ತೆಗೆದು ನನ್ನ ಕೈಗೆ ಕೊಟ್ಟಳು. ಮನೆಯ ಎಮ್ಮೆಯ ಮೊಸರು.

"ತಿನ್ನಾಕ ಅಷ್ಟ ತಂದೇವಿ," ಎಂದಳು ಅತ್ತೆ. "ಬ್ಯಾರೆ ಕೆಲಸಕ್ಕ ಬಳಸಬ್ಯಾಡ ತಂಗಿ."

ಅವರು ಗೇಟು ದಾಟಿದರು. ನಾನು ಬಟ್ಟೆ ಬಿಚ್ಚಿ ಮೊದಲು ಮೂಸಿ ನೋಡಿದೆ. ಆಮೇಲೆ ಕಂಪೌಂಡರನನ್ನು ಕರೆದು ಒಂದು ಚಮಚ ಅವನಿಗೆ ತಿನ್ನಿಸಿ, ಸ್ವಲ್ಪ ಹೊತ್ತು ಅವನ ಮುಖ ನೋಡುತ್ತ ಕೂತು, ಉಳಿದದ್ದನ್ನು ನಾನು ತಿಂದೆ.